ಬಡಿಗೇರ ಅಜ್ಜಾರ ಪೆನ್ಸಿಲ್

ನಮ್ಮ ಬಾಜೂಮನಿ ಅಜ್ಜಾರ ಕಿವಿಯ ಮೇಲೆ ಪೆನ್ಸಿಲ್ ಇಲ್ಲದ್ದನ್ನು ನಾನು ನೋಡಿದ್ದು ಒಂದೇ ಸಲ, ಅವರ ಅಂತ್ಯಕ್ರಿಯೆಯ ದಿನ. ಸೂಟು ಹಾಕಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕೂದಲು ಬಾಚಿದ್ದರು, ಗಡ್ಡ ಕತ್ತರಿಸಿದ್ದರು. ಎಲ್ಲ ಸರಿಯಾಗಿತ್ತು, ಕಿವಿ ಮಾತ್ರ ಬೋಳು. ನನಗೆ ಸಿಟ್ಟೇ ಬಂತು, ಯಾರೋ ಗುರುತಿಲ್ಲದವರ ಮುಂದೆ ನಿಂತ ಹಾಗಾಯಿತು. ನನ್ನ ಪರ್ಸಿನಲ್ಲಿ ಅವರೇ ಎಂದೋ ಕೊಟ್ಟಿದ್ದ ಚಪ್ಪಟೆ ಬಡಗಿ ಪೆನ್ಸಿಲ್ ಇತ್ತು. ತೆಗೆದು ಅವರ ಸೂಟಿನ ಮೇಲುಜೇಬಿಗೆ ಸಿಕ್ಕಿಸಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಹೆಸರಿನ ಬೆನ್ನುಹತ್ತಿ ನಿವೃತ್ತಿಯ ವರ್ಷಗಳನ್ನೆಲ್ಲ ಕಳೆದ ಮನುಷ್ಯನ ಹೆಸರನ್ನೇ ಬಿಟ್ಟುಬಿಡ್ತೀಯಲ್ಲ ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ. ಆ ಹೆಸರು ಎಲ್ಲಿ ಇರಬೇಕೋ ಅಲ್ಲಿ ಇದೆ, ಅದು ಅಲ್ಲಿಗೆ ಹೋದ ಕತೆಯನ್ನೇ ನಾನು ಹೇಳಹೊರಟಿರುವುದು.

ಇನ್ನೊಂದು ಮಾತು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಅವರು ಕಲಿತದ್ದು 'ಅಜ್ಜಾರು', 'ರೊಟ್ಟಿ', 'ಸಾಕು' ಇಷ್ಟೇ, ಅದರಲ್ಲಿ ಕೊನೆಯದನ್ನು ಅವರು ಊಟಕ್ಕೆ ಕೂತಾಗ ಎಂದೂ ಬಳಸಲಿಲ್ಲ. ಆದರೆ ನನ್ನ ತಲೆಯೊಳಗೆ ಅವರು ಈಗ ಹುಬ್ಬಳ್ಳಿ ಮಾತನ್ನೇ ಆಡುತ್ತಾರೆ. ಹಾಗೆಯೇ ಬರೆಯುತ್ತೇನೆ. ಅವರೇನೂ ತಕರಾರು ಮಾಡುವವರಲ್ಲ.

ನಾವು ಅರೋರಾಕ್ಕೆ ಬಂದದ್ದು ೨೦೧೫ರ ಬೇಸಿಗೆಯಲ್ಲಿ. ಅದಕ್ಕೂ ಮೊದಲು, ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದಾಗಿನಿಂದ, ಮಿಸಿಸಾಗದಲ್ಲಿ ಒಬ್ಬರ ಬೇಸ್‌ಮೆಂಟಿನಲ್ಲಿದ್ದೆವು. ಈ ಮನೆ ಯಂಗ್ ಸ್ಟ್ರೀಟಿನಿಂದ ಸ್ವಲ್ಪ ಒಳಗೆ, ಒಂದೇ ಗೋಡೆಗೆ ಎರಡು ಮನೆ ಬೆನ್ನು ಕೊಟ್ಟು ನಿಂತ ಜೋಡಿಮನೆ. ನಮ್ಮ ಮನೆಯವರಿಗೆ ಎಟೋಬಿಕೋಕಿನ ಒಂದು ಮಷಿನ್ ಶಾಪಿನಲ್ಲಿ ಕೆಲಸ, ಹೋಗಿ ಬರುವುದರಲ್ಲೇ ಸುಸ್ತು. ನಾನು ಸ್ಕೂಲ್ ಬಸ್ ಓಡಿಸುತ್ತೇನೆ. ಬಿ.ಕಾಂ ಮಾಡಿದ ಹೆಂಗಸು ಹಳದಿ ಬಸ್ಸಿನ ಸ್ಟೀರಿಂಗು ಹಿಡಿದದ್ದು ನೋಡಿ ನಮ್ಮ ಮಂದಿಯೇ ಮೊದಮೊದಲು ಮುಖ ಸಣ್ಣದು ಮಾಡಿದರು. ನಾನು ತಲೆಕೆಡಿಸಿಕೊಳ್ಳಲಿಲ್ಲ. ಬೆಳಿಗ್ಗೆ ಒಂದು ಟ್ರಿಪ್ಪು, ಮಧ್ಯಾಹ್ನದ ಮೇಲೆ ಒಂದು ಟ್ರಿಪ್ಪು, ನಡುವಿನ ಹೊತ್ತೆಲ್ಲ ನನ್ನದು. ಸುಮಾರು ಆಫೀಸಿನವರಿಗೆ ಈ ಸುಖ ಇಲ್ಲ.

ಬಂದ ವಾರದಲ್ಲೇ ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಎತ್ತರದ ಮುದುಕ, ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಸುತ್ತಿಗೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೆದರಬ್ಯಾಡ್ರಿ, ಬಾಜೂಮನಿಯಾಂವ ನಾನು," ಎಂದರು. "ಗ್ವಾಡ್ಯಾಗಿಂದ ಸಪ್ಪಳ ಕೇಳಾಕತ್ತಿತ್ತು. ಯಾರೋ ಮೊಳಿ ಬಡಿಯಾಕತ್ತಾರ, ಆದ್ರ ಬಡಿಯೋ ಪದ್ಧತಿ ಪೂರಾ ತಪ್ಪೈತಿ. ಕೇಳಿ ತಡಕೊಳ್ಳಾಕ ಆಗಲಿಲ್ಲ, ನನ್ನ ಸುತ್ತಿಗಿ ತಂದೀನಿ."

ಒಳಗೆ ಕರೆದು ರೊಟ್ಟಿ ತೋರಿಸಿದೆ. ಅವರು ನಿಂತು ನನ್ನ ಕೈಯನ್ನೇ ನೋಡಿದರು. ಹಿಟ್ಟು ಹೇಗೆ ತಿರುಗುತ್ತದೆ, ಅಂಚು ಯಾಕೆ ಒಡೆಯುವುದಿಲ್ಲ, ಅಂಗೈಯ ಯಾವ ಭಾಗ ತಾಗುತ್ತದೆ, ಎಲ್ಲ ಕೇಳಿದರು. ಕೊನೆಗೆ, "ನೀವು ಬಡಿಯೋ ಪದ್ಧತಿ ಬರೋಬರಿ ಐತಿ. ಕಟ್ಟಿ ತಪ್ಪೈತಿ. ಕಲ್ಲಿನ ಮ್ಯಾಲೆ ಯಾಕ ಬಡೀತೀರಿ?" ಎಂದು ತೀರ್ಪು ಕೊಟ್ಟು ಹೋದರು. ಎರಡು ದಿನ ಬಿಟ್ಟು ಮೇಪಲ್ ಮರದ ಒಂದು ದುಂಡು ಹಲಗೆ ತಂದಿಟ್ಟರು. ಇಂದಿಗೂ ಅದರ ಮೇಲೆಯೇ ರೊಟ್ಟಿ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಮುಂದಿಟ್ಟರೆ ಆ ಮನುಷ್ಯ ಲೋಕ ಮರೆಯುತ್ತಿದ್ದ. ನನ್ನ ಮಗಳು ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. "ಅಮ್ಮಾ, ಹಿ ಡಜಂಟ್ ಲೈಕ್ ಅಸ್, ಹಿ ಲೈಕ್ಸ್ ರೊಟ್ಟಿ" ಎಂದು ಆಕೆ ಅವರೆದುರೇ ಹೇಳಿದಳು. ಅವರು ತಲೆಯಾಡಿಸಿ ಒಪ್ಪಿಕೊಂಡರು.

ಹೈಸ್ಕೂಲಿನಲ್ಲಿ ಮರಗೆಲಸದ ಮೇಷ್ಟ್ರಾಗಿದ್ದವರು ಅವರು. ನಿವೃತ್ತರಾದ ಮೇಲೆ ಗರಾಜನ್ನೇ ವರ್ಕ್‌ಶಾಪು ಮಾಡಿಕೊಂಡಿದ್ದರು, ಕಾರು ಪಾಪ ಹಿಮದಲ್ಲಿ ನಿಲ್ಲುತ್ತಿತ್ತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ದೂರದ ವ್ಯಾಂಕೂವರಿನಲ್ಲಿ ಅಕ್ಕನ ಮಗಳೊಬ್ಬಳಿದ್ದಳು. ಯಾರ ಮನೆಗೆ ಹೋದರೂ ಮೊದಲು ಮೇಜಿನ ಕೆಳಗೆ ಕೈ ಹಾಕಿ ತಡವುವುದು ಅವರ ಚಾಳಿ. ಮೇಲೆ ಎಲ್ಲರೂ ನುಣುಪು ಮಾಡುತ್ತಾರೆ, ತಳ ನೋಡಿದರೆ ಮಾಡಿದವನು ಗೊತ್ತಾಗುತ್ತಾನೆ ಎನ್ನುತ್ತಿದ್ದರು. ನಮ್ಮ ಕನ್ನಡ ಬಳಗದ ಒಬ್ಬರ ಮನೆಗೆ ಯುಗಾದಿಗೆ ಕರೆದುಕೊಂಡು ಹೋದಾಗ, ಅವರು ಹೊಸದಾಗಿ ಕೊಂಡ ಡೈನಿಂಗ್ ಟೇಬಲ್ಲಿನ ತಳ ತಡವಿ ನನ್ನ ಕಡೆ ನೋಡಿ ಸಂತಾಪದ ಮುಖ ಮಾಡಿದರು. ನನಗೆ ನಗು ತಡೆಯುವುದೇ ಕಷ್ಟವಾಯಿತು.

"ಮೊದ್ಲು ಪೆನ್ಸಿಲ್" ಎಂಬುದು ಅವರ ಬಾಯಲ್ಲಿ ಸದಾ ಇರುವ ಮಾತು. ಗರಗಸ ಹಿಡಿಯುವ ಮೊದಲು ಗೆರೆ ಹಾಕು, ಗೆರೆ ತಪ್ಪಿದರೆ ಅಳಿಸು, ಮರ ತಪ್ಪಿದರೆ ಅಳಿಸಲು ಬರುವುದಿಲ್ಲ. ಈ ಮಾತನ್ನು ಅವರು ಮರಕ್ಕಷ್ಟೇ ಅಲ್ಲ, ನಾನು ಮನೆಗೆ ಬಣ್ಣ ಆರಿಸುವಾಗಲೂ, ಮಗಳು ಕಾಲೇಜು ಆರಿಸುವಾಗಲೂ ಹೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಹೇಳುತ್ತಿದ್ದದ್ದು ಒಂದು ಸಮಾಧಿಕಲ್ಲಿನ ಬಗ್ಗೆ.

ಅದು ಅವರ ಮುತ್ತಜ್ಜನದು. ಹರೆಯದಲ್ಲಿ ಇಂಗ್ಲೆಂಡಿನ ಸಫೋಕ್ ಕಡೆಯಿಂದ ಹಡಗು ಹತ್ತಿ ಬಂದು, ಅರೋರಾದ ಉತ್ತರಕ್ಕೆ ಒಂದು ಹಳ್ಳಿಯಲ್ಲಿ ಮರದ ಗಾಡಿ ಮಾಡುವ ಕಸುಬಿನಲ್ಲಿ ಬದುಕಿ ಅಲ್ಲೇ ಸತ್ತವನು. ಸಣ್ಣ ಚರ್ಚಿನ ಹಿಂದೆ ಹೂಳಿದ್ದರು. ಮೇಲೆ ನೆಟ್ಟ ಮರದ ಶಿಲುಬೆ ಎಂದೋ ಮಣ್ಣಾಗಿತ್ತು. ಅಜ್ಜಾರ ತಂದೆ ವರ್ಷ ವರ್ಷ, ಬರೋ ವರ್ಷ ಕಲ್ಲು ನಿಲ್ಲಿಸೋಣ ಎನ್ನುತ್ತಲೇ ತೀರಿಕೊಂಡರು, ಸಾಯುವಾಗ ಮಗನಿಂದ ಮಾತು ತೆಗೆದುಕೊಂಡರು. ಮಗನಿಗೂ ಈಗ ವಯಸ್ಸಾಗಿತ್ತು, ಎದೆಯೊಳಗೆ ಡಾಕ್ಟರು ಇಟ್ಟ ಯಂತ್ರ ಇತ್ತು. ತಾನು ಹೋಗುವ ಮೊದಲು ಆ ಕಲ್ಲು ನಿಲ್ಲಬೇಕು, ಅದರ ಮೇಲಿನ ಹೆಸರು ಸರಿಯಾಗಿರಬೇಕು. ಇವರಿಗೆ ಬೇಕಾದದ್ದು ಇಷ್ಟೇ.

ಆದರೆ ಅವರ ಕಣ್ಣಿಗೆ ಸರಿ ಅನ್ನಿಸುವುದು ಸುಲಭವಿರಲಿಲ್ಲ. ಕಲ್ಲು ಕೊರೆಯುವ ಮೊದಲು ಆ ಮನುಷ್ಯ ಯಾರು, ಯಾರ ಮಗ, ಎಲ್ಲಿಂದ ಬಂದ, ಮನೆತನದ ಆ ಅಡ್ಡಹೆಸರು ಅವನಿಗೆ ಎಲ್ಲಿಂದ ಬಂತು ಎಲ್ಲ ಖಾತ್ರಿಯಾಗಬೇಕು. ಹಾಗಾಗಿ ನನ್ನ ಎರಡು ಟ್ರಿಪ್ಪುಗಳ ನಡುವಿನ ಹೊತ್ತು ಅವರ ಪಾಲಾಯಿತು. ಅವರು ಕಾರು ಬಿಡುವುದನ್ನು ನಿಲ್ಲಿಸಿದ್ದರು. ನನ್ನ ಹಳೇ ವ್ಯಾನಿನಲ್ಲಿ ಲೈಬ್ರರಿ, ಹಳೇ ಚರ್ಚು, ಸ್ಮಶಾನ ಸುತ್ತಿದೆವು. ಹುಬ್ಬಳ್ಳಿಯಲ್ಲಿದ್ದಾಗ ನಾನು ಸ್ಮಶಾನದ ಕಡೆ ಮುಖ ಹಾಕಿದವಳಲ್ಲ, ಇಲ್ಲಿ ಬಂದು ಯಾರ್ಯಾರದೋ ಸಮಾಧಿಯ ಪಾಚಿ ಕೆರೆದೆ. ನಮ್ಮಲ್ಲೂ ಸುಡೋದಿಲ್ಲ, ಹೂಳೋದೇ ಎಂದು ಹೇಳಿದಾಗ ಅವರು, "ಅದಕ್ಕ ನಿಮಗ ಹೆದರಿಕಿ ಇಲ್ಲ" ಎಂದರು. ಹೆದರಿಕೆ ಇತ್ತು, ಹೇಳಲಿಲ್ಲ ಅಷ್ಟೇ.

ಲೈಬ್ರರಿಯಲ್ಲಿ ವಂಶ ಹುಡುಕುವವರದೊಂದು ಗುಂಪಿತ್ತು. ಅಲ್ಲಿ ಎಲ್ಲರಿಗೂ ಮೇಲಿನವರೇ ಬೇಕು. ಒಬ್ಬಾಕೆಗೆ ರಾಜಮನೆತನ ಸಿಕ್ಕಿತ್ತು, ಇನ್ನೊಬ್ಬರಿಗೆ ಕುದುರೆ ಏರಿದ ಸರದಾರ. ನಮ್ಮ ಅಜ್ಜಾರಿಗೆ ಅಂಥ ಮಾತು ಕೇಳಿದರೆ ಹಲ್ಲುನೋವು ಬಂದ ಹಾಗಾಗುತ್ತಿತ್ತು.

"ಮ್ಯಾಲಿಂದ ಇಳೀಬಾರದು, ಕೆಳಗಿಂದ ಏರಬೇಕು," ಎನ್ನುತ್ತಿದ್ದರು. "ನಿನಗ ಗೊತ್ತಿದ್ದ ಮನುಷ್ಯಾನಿಂದ ಸುರು ಮಾಡು. ಅವರಪ್ಪ ಯಾರು, ಖಾತ್ರಿ ಮಾಡ್ಕೋ. ಆಮ್ಯಾಲೆ ಮುಂದಿನ ಮೆಟ್ಟಲಾ. ರಾಜಾ ಬೇಕಂತ ಹುಡುಕಿದ್ರ ರಾಜಾನ ಸಿಗ್ತಾನ. ನನಗ ಬ್ಯಾಡ. ಮುಂಜಾನೆ ಎದ್ದು ಕೆಲಸಕ್ಕ ಹ್ವಾದ ಒಬ್ಬ ಮನುಷ್ಯಾ ಸಿಕ್ಕರ ಸಾಕು."

ಹಾಗೆ ಏರುತ್ತ ಏರುತ್ತ ಅವರು ಸಫೋಕಿನ ಒಬ್ಬ ಗಾಡಿ ಬಡಿಗನವರೆಗೆ ಮುಟ್ಟಿದ್ದರು. ಮುತ್ತಜ್ಜನ ಅಪ್ಪ. ಅವರ ಅಡ್ಡಹೆಸರಿನ ಅರ್ಥವೂ ಅದೇ, ಗಾಡಿ ಮಾಡುವವನು. ಹಳೇ ಕಾಲದ ಇಂಗ್ಲೆಂಡಿನ ಹಳ್ಳಿಯವರಿಗೆ ಒಂದೊಂದೇ ಹೆಸರಂತೆ. ಊರ ತುಂಬ ಜಾನ್‌ಗಳು, ವಿಲಿಯಂಗಳು. ಗುರುತು ಸಿಗಲಿ ಎಂದು ಒಬ್ಬನಿಗೆ ಕಸುಬು ಅಂಟಿಸಿದರು, ಒಬ್ಬನಿಗೆ ಊರು, ಒಬ್ಬನಿಗೆ ಅಪ್ಪನ ಹೆಸರು. ಬ್ರೆಡ್ಡು ಸುಡುವವನು ಬೇಕರ್, ಗುಡ್ಡದ ಮೇಲಿನವನು ಹಿಲ್, ಕೆಂಪು ಕೂದಲಿನವನು ರೀಡ್.

ಇದನ್ನು ಕೇಳಿ ನಾನು ಹೊಟ್ಟೆ ಹಿಡಿದು ನಕ್ಕೆ. ಇದಕ್ಕಾಗಿ ಇಷ್ಟು ಪುಸ್ತಕ ಓದಬೇಕೇ? ನಮ್ಮ ಓಣಿಗೆ ಬಂದರೆ ಒಂದು ಸಂಜೆಯಲ್ಲಿ ತಿಳಿಯುತ್ತಿತ್ತು. ನಮ್ಮ ಎಡಕ್ಕೆ ಮೆಣಸಿನಕಾಯಿ ಅವರು, ಎದುರಿಗೆ ಬೆಣ್ಣಿಯವರು, ತುದಿಗೆ ಗಾಣಿಗೇರ ಮತ್ತು ಹೂಗಾರ, ಹುಬ್ಬಳ್ಳಿಗೆ ಬಂದು ಮೂರು ತಲೆಮಾರಾದರೂ ನವಲಗುಂದ ಎಂದೇ ಕರೆಸಿಕೊಳ್ಳುವ ಒಂದು ಮನೆ. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ.

"ಉಳ್ಳಾಗಡ್ಡಿ ಅಂದ್ರ?"

ಅವರ ತಾಟಿನಲ್ಲಿದ್ದ ಉಳ್ಳಾಗಡ್ಡಿಯ ತುಂಡನ್ನು ತೋರಿಸಿದೆ. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಗೌರವದಿಂದ ಕೆಳಗಿಟ್ಟರು. ನಮ್ಮ ಕಡೆ ಹುಟ್ಟಿದ್ದರೆ ನೀವು ಬಡಿಗೇರ ಆಗುತ್ತಿದ್ದಿರಿ ಎಂದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಅವರು ಬಡಿಗೇರ ಅಜ್ಜಾರು. ಅವರಿಗದು ಎಷ್ಟು ಹಿಡಿಸಿತೆಂದರೆ ಒಂದು ಹಲಗೆಯ ತುಂಡಿನ ಮೇಲೆ ಕನ್ನಡದಲ್ಲಿ ಬರೆಸಿಕೊಂಡು, ಅಕ್ಷರ ಕೊರೆದು, ಗರಾಜಿನ ಬಾಗಿಲಿಗೆ ಹೊಡೆದರು. ಅಂಚೆಯವನು ಅದನ್ನು ನೋಡಿ ಮನೆ ಮಾರಿದಿರಾ ಎಂದು ಕೇಳಿದನಂತೆ.

"ಕಸುಬು ರಕ್ತದಾಗ ಇರತೈತಿ ನೋಡ್ರಿ," ಎಂದು ಅವರು ತಮ್ಮ ದಪ್ಪ ಬೆರಳುಗಳನ್ನು ಚಾಚಿ ತೋರಿಸುತ್ತಿದ್ದರು. "ಆ ಸಫೋಕಿನ ಬಡಿಗ್ಯಾನ ಕೈನ ಇವು. ನಮ್ಮಪ್ಪನೂ ಬಡಿಗ್ಯಾನ, ಅವರಪ್ಪನೂ. ನಾ ಬ್ಯಾರೆ ಏನಾಗತಿದ್ದೆ?"

೨೦೧೭ರಲ್ಲಿ ಕಲ್ಲಿಗೆ ಹೇಳಿಯೂ ಆಯಿತು. ಎಟೋಬಿಕೋಕಿನಲ್ಲಿ ಇನ್ನೂ ಕೈಯಿಂದ ಅಕ್ಷರ ಕೊರೆಯುವ ಒಬ್ಬ ವಯಸ್ಸಾದ ಕಲ್ಲುಕುಟಿಗ ಇದ್ದ. ನಮ್ಮ ಮನೆಯವರ ಕಾರ್ಖಾನೆಯ ಹಿಂದಿನ ಓಣಿಯಲ್ಲೇ ಅವನ ಅಂಗಳ. ಅಜ್ಜಾರು ನಮ್ಮ ಮನೆಯವರ ಜೊತೆ ಹೋಗಿ ಬೂದು ಬಣ್ಣದ ಕಲ್ಲು ಆರಿಸಿದರು. ಹೆಸರು ಕೊರೆಯುವ ಮೊದಲು ಕೊನೆಯದೊಂದು ಖಾತ್ರಿ ಇರಲಿ ಎಂದು, ಆಗ ಎಲ್ಲರೂ ಮಾಡಿಸುತ್ತಿದ್ದ ಡಿಎನ್ಎ ಪರೀಕ್ಷೆಯನ್ನು ಇವರೂ ಮಾಡಿಸಿದರು. ಅಪ್ಪನಿಂದ ಮಗನಿಗಷ್ಟೇ ಇಳಿಯುವ ಒಂದು ಎಳೆ ಇರುತ್ತದಂತೆ. ಅಡ್ಡಹೆಸರೂ ಹಾಗೆಯೇ ಇಳಿಯುವುದು. ಎರಡೂ ಜೊತೆಜೊತೆಗೆ ನಡೆದಿರಬೇಕು. ಗಲ್ಲದೊಳಗೆ ಹತ್ತಿಕಡ್ಡಿ ಆಡಿಸಿ ಕಳಿಸಿದರು, ಪರೀಕ್ಷೆಗೆ ಮೊದಲೇ ಪಾಸಾದವರ ಠೀವಿಯಲ್ಲಿ.

ಶಾಲೆಗೆ ರಜೆ ಇದ್ದ ದಿನಗಳು. ಉತ್ತರ ಬಂದಾಗ ನನ್ನನ್ನು ಕರೆದರು. ಕಂಪ್ಯೂಟರಿನ ಪರದೆಯ ಮೇಲೆ ಅವರ ಎಳೆಗೆ ಕೂಡಿಬಂದ ಗಂಡಸರ ಹೆಸರುಗಳು. ಒಬ್ಬನಾದರೂ ಬಡಿಗೇರ ಇರಲಿಲ್ಲ. ಸಾಲಾಗಿ ಎಲ್ಲರಿಗೂ ಒಂದೇ ಬೇರೆ ಅಡ್ಡಹೆಸರು, ಯಾವುದೋ ಜೌಗುನೆಲದ ಹೆಸರಿನಿಂದ ಬಂದದ್ದು.

"ಮಷಿನ್ ತಪ್ಪಿರಬೇಕು," ಎಂದೆ ನಾನು.

"ಮಷಿನ್ ತಪ್ಪಿಲ್ಲ." ಅವರ ದನಿ ಸಣ್ಣದಾಗಿತ್ತು. "ನಾ ತಪ್ಪೀನಿ. ಮುತ್ತಜ್ಜ ಹುಟ್ಟಿ ಎರಡು ವರ್ಷಕ್ಕ ಅವರವ್ವಂದು ಆ ಬಡಿಗ್ಯಾನ ಕೂಡ ಲಗ್ನ ಆಗೇತಿ. ಚರ್ಚಿನ ಪುಸ್ತಕದಾಗ ಅದನ್ನ ಯಾವಾಗೋ ನೋಡೀನಿ. ಬರಿಯೋರು ಇಸವಿ ತಪ್ಪು ಬರದಾರಂತ ನನಗ ನಾನ ಹೇಳ್ಕೊಂಡೆ. ಅಂವಾ ಬಡಿಗ್ಯಾನ ಮಗಾ ಆಗಿರಬೇಕಂತ ನನಗ ಬೇಕಾಗಿತ್ತು. ರಾಜಾನ ಹುಡುಕೋರಿಗೆ ನಕ್ಕೆ, ನಾನೂ ಅದನ್ನ ಮಾಡೀನಿ."

ಅಂದರೆ ಕತೆ ಇಷ್ಟು. ಆ ತಾಯಿ ಯಾರದೋ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಡಿಗನ ಮನೆ ಹೊಕ್ಕಳು. ಬಡಿಗ ಆ ಕೂಸನ್ನು ಸಾಕಿದ, ತನ್ನ ಹೆಸರು ಕೊಟ್ಟ, ಕೆಲಸ ಕಲಿಸಿದ. ರಕ್ತ ಅವನದಲ್ಲ. ಹೆತ್ತಪ್ಪ ಯಾರೋ ಜೌಗುನೆಲದವನು, ಅವನ ಮುಖವೂ ಗೊತ್ತಿಲ್ಲ, ಮೊದಲ ಹೆಸರೂ ಗೊತ್ತಿಲ್ಲ.

ಅಜ್ಜಾರು ಕಲ್ಲುಕುಟಿಗನಿಗೆ ಫೋನು ಮಾಡಿ ಕೆಲಸ ನಿಲ್ಲಿಸಿದರು. ಗರಾಜಿನ ಬಾಗಿಲಿಗೆ ಹೊಡೆದಿದ್ದ ಹಲಗೆಯನ್ನು ಕಿತ್ತರು. ಗರಗಸದ ಸದ್ದು ನಿಂತಿತು. ಗೋಡೆಯಾಚೆ ಅಷ್ಟು ಗಲಾಟೆ ಮಾಡುತ್ತಿದ್ದ ಮನುಷ್ಯ ಸುಮ್ಮನಾದಾಗ ನಮಗೆ ಮನೆಯಲ್ಲಿ ಕೂರುವುದೇ ಕಷ್ಟವಾಯಿತು. ರೊಟ್ಟಿ ಕೊಟ್ಟು ಬಂದರೆ ಅರ್ಧ ಹಾಗೇ ಉಳಿದಿರುತ್ತಿತ್ತು. ಒಂದು ದಿನ ನೇರವಾಗಿ ಕೇಳಿದೆ, ಕಲ್ಲಿಗೆ ಏನು ಮಾಡುತ್ತೀರಿ ಎಂದು.

"ಯಾವ ಹೆಸರು ಬರೀಲಿ? ಇದು ಅವಂದಲ್ಲ. ಅದು ಅಂವಗ ಗೊತ್ತೂ ಇದ್ದಿಲ್ಲ. ಹಂಗ ಬಿಡೋದು ಛಲೋ. ಕಲ್ಲ ಬ್ಯಾಡ."

ಅಪ್ಪನಿಗೆ ಕೊಟ್ಟ ಮಾತು ಅಂದೆ. ಅವರು ಎದ್ದು ಒಳಗೆ ಹೋದರು. ಅಷ್ಟು ವರ್ಷದಲ್ಲಿ ಅವರು ನನ್ನ ಮಾತಿನ ನಡುವೆ ಎದ್ದು ಹೋದದ್ದು ಅದೊಂದೇ ಸಲ.

ಆ ಸೆಪ್ಟೆಂಬರಿನಲ್ಲಿ ಮಾನೌಮಿ ಅಮಾಸಿ ಬಂತು. ದಸರೆಗೆ ಮೊದಲು ಬರುವ ಹಿರಿಯರ ಹಬ್ಬ. ನಮ್ಮ ಮನೆತನದಲ್ಲಿ ಆವತ್ತು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಹೊಸ ಬಟ್ಟೆ ಇಟ್ಟು, ವಿಭೂತಿ ಹಚ್ಚಿ, ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ತಾಟು ಬಡಿಸುವುದು. ಹುಬ್ಬಳ್ಳಿಯಲ್ಲಿ ಬಾಳೆಲೆ, ಇಲ್ಲಿ ಸ್ಟೀಲಿನ ತಾಟು. ನಾನು ಬೆಳಗಿನ ಟ್ರಿಪ್ಪು ಮುಗಿಸಿ ಬಂದು ಹೋಳಿಗೆ ಮಾಡಿದೆ, ಕಟ್ಟಿನ ಸಾರು ಮಾಡಿದೆ, ಎಣ್ಣೆಗಾಯಿ ಬದನೆ ಮಾಡಿದೆ. ಅಜ್ಜಾರನ್ನು ಕೈಹಿಡಿದು ಎಳೆದುಕೊಂಡೇ ಬಂದೆ. ರಜೆ ಹಾಕಿದ್ದ ನಮ್ಮ ಮನೆಯವರು ಪೂಜೆ ಮಾಡುತ್ತಿದ್ದರು. ಅಜ್ಜಾರು ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತು ತಾಟುಗಳನ್ನು ನೋಡಿದರು.

"ಈ ಮೊದಲನೇದು ಯಾರದು?"

"ಇವರ ಮುತ್ತಜ್ಜಾರದು," ಎಂದೆ. "ಉಳ್ಳಾಗಡ್ಡಿ ವ್ಯಾಪಾರ ಮಾಡಿದಾವ್ರು. ಹೆಸರು ಅವರಿಂದನ ಬಂದಿದ್ದು. ಬಾಜೂಕಿಂದು ಅವರ ಹೆಂಡ್ತೀದು."

"ಇವರ ಅಜ್ಜ ಅವರ ಮಗಾ?"

"ಅಲ್ರಿ. ಅವರಿಗೆ ಮಕ್ಕಳಿದ್ದಿಲ್ಲ. ಮುತ್ತಜ್ಜಾರು ತೀರ್ಕೊಂಡ ಮ್ಯಾಲೆ ಆ ಮುತ್ತಜ್ಜಿ ಅಂಗಡಿಯವರ ಮನಿ ಹುಡುಗನ್ನ ದತ್ತಕ ತೊಗೊಂಡ್ಳು. ಹಂಗ ದತ್ತಕ ಬಂದಾವ್ರು ಇವರ ಅಜ್ಜ. ಉಳ್ಳಾಗಡ್ಡಿ ಮಾರಿದಾವ್ರ ಮುಖಾನ ಅವರು ನೋಡಿಲ್ಲ."

ಅಜ್ಜಾರು ಮುಂದೆ ಬಾಗಿದರು. "ನೋಡಿಲ್ಲ? ಮತ್ತ ತಾಟು ಯಾಕ?"

ಇದೆಂಥ ಪ್ರಶ್ನೆ ಎನ್ನಿಸಿತು ನನಗೆ. ಮದುವೆಯಾಗಿ ಬಂದಾಗಿನಿಂದ ನಾನು ಇದನ್ನು ಯೋಚಿಸಿದವಳಲ್ಲ. "ಯಾಕಂದ್ರ? ಮನಿ ಅವರದು. ಹೆಸರು ಅವರದು. ಅವರಿಗೆ ಬಿಟ್ಟು ಬ್ಯಾರೆ ಯಾರಿಗೆ ಬಡಸೋಣ್ರಿ?"

"ಹೆತ್ತ ಮನಿಗೆ?"

"ಅಂಗಡಿಯವರಿಗೆ ಅವರ ಮಕ್ಕಳು ಬಡಸ್ತಾರ. ಅವರದೇನು ಕಡಿಮಿ ಇಲ್ಲ."

"ರಕ್ತ ಅಲ್ಲ ಅಂದ್ರ ಅವರು ನಿಮಗ ಏನಾಗಬೇಕು?"

"ಮನಿ ಮಂದಿ," ಎಂದೆ. ಆಮೇಲೆ ನನಗೇ ನಗು ಬಂತು. "ರಕ್ತ ಅಂತೀರಲ್ಲ ಅಜ್ಜಾರ, ನನ್ನ ನೋಡ್ರಿ. ನಾ ಸೊಸಿ. ಈ ತಾಟು ಇಟ್ಟಿರೋ ಹಿರಿಯರೊಳಗ ಒಬ್ಬರ ರಕ್ತಾನೂ ನಂದಲ್ಲ. ಹೋಳಿಗಿ ಮಾಡಾಕಿ ನಾನು, ಯಾರ ತಾಟು ಎಲ್ಲಿ ಅಂತ ನೆನಪಿಟ್ಟಾಕಿ ನಾನು. ಇವರು ಅರ್ಧಾ ಹೆಸರು ಮರೀತಾರ, ನಾನ ಹೇಳಿಕೊಡತೀನಿ."

ನಮ್ಮ ಮನೆಯವರು ಪೂಜೆಯ ನಡುವೆಯೇ ಹೌದು ಎಂದು ತಲೆಯಾಡಿಸಿದರು. ಸೋಫಾದ ಮೇಲಿಂದ ಮಗಳು, "ಅಜ್ಜಾ, ಯು ಟಾಟ್ ಹಾಫ್ ದಿಸ್ ಟೌನ್ ವುಡ್‌ವರ್ಕ್. ವರ್ ದೇ ಯುವರ್ ಬ್ಲಡ್?" ಎಂದಳು. ಮುದುಕರನ್ನು ಹೀಗೆ ಮಾತಾಡಿಸಬಾರದು ಎಂದು ನಾನು ಕಣ್ಣು ಬಿಟ್ಟೆ. ಆದರೆ ಮಾತು ನಾಟಬೇಕಾದಲ್ಲಿ ನಾಟಿತ್ತು. ಆ ಊರಿನ ಎಷ್ಟೋ ಮನೆಯ ಕಿಟಕಿ ಬಾಗಿಲು ಅವರ ವಿದ್ಯಾರ್ಥಿಗಳು ಮಾಡಿದ್ದು, ಅಂಗಡಿಗೆ ಹೋದರೆ ನರೆಗೂದಲಿನವರು 'ಸರ್' ಎಂದು ಎದ್ದು ನಿಲ್ಲುತ್ತಿದ್ದರು. ಅಜ್ಜಾರು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ರಕ್ತದಾಗ ಬಂದಿಲ್ಲ," ಎಂದರು ನಿಧಾನವಾಗಿ. "ಯಾರೋ ಬಾಜೂಕ ನಿಂತು, ಕೈ ಹಿಡದು ಕಲಿಸ್ಯಾರ. ಕೂಸು ಆ ಬಡಿಗ್ಯಾಂದಲ್ಲ, ಆದ್ರೂ ಅಂವಾ ಕಲಿಸ್ಯಾನ. ನಾ ಜೀವಮಾನ ಎಲ್ಲಾ ಅದನ್ನ ಮಾಡೀನಿ, ನನಗ ಹೊಳೀಲಿಲ್ಲ ನೋಡ್ರಿ."

ಆವತ್ತು ಅವರು ಹೋಳಿಗೆ ಎಷ್ಟು ತಿಂದರೆಂದು ಹೇಳುವುದಿಲ್ಲ, ಸತ್ತವರ ಮಾನ ಕಳೆಯಬಾರದು. ಸಂಜೆ ಟ್ರಿಪ್ಪು ಮುಗಿಸಿ ಬರುವಾಗ ಗರಾಜಿನಿಂದ ಸುತ್ತಿಗೆಯ ಸದ್ದು ಕೇಳಿತು. ಹಲಗೆ ಮತ್ತೆ ಬಾಗಿಲಿಗೆ ಏರಿತ್ತು.

ಮರುವರ್ಷ ವಸಂತದಲ್ಲಿ, ನೆಲದ ಮಂಜು ಕರಗಿದ ಮೇಲೆ, ಚರ್ಚಿನ ಹಿಂದೆ ಕಲ್ಲು ನಿಂತಿತು. ಮುತ್ತಜ್ಜನ ಹೆಸರು, ಅದೇ ಅಡ್ಡಹೆಸರು, ಅದರ ಕೆಳಗೆ ಗಾಡಿ ಬಡಿಗ ಎಂದು ಕಸುಬು. ಅದರ ಕೆಳಗೆ, ಇಂಥವನ ಮಗ ಎಂದು ಆ ಸಫೋಕ್ ಬಡಿಗನ ಪೂರ್ತಿ ಹೆಸರು. ಸಾಕುಮಗ ಎಂದು ಬರೆಯಬೇಕಲ್ಲವೇ ಎಂದು ಲೈಬ್ರರಿ ಗುಂಪಿನ ರಾಜಮನೆತನದಾಕೆ ಫೋನಿನಲ್ಲಿ ಕೇಳಿದಳಂತೆ. "ಸಾಕಿದಾಂವಗ ಎರಡನೇ ನಂಬರ್ ಯಾಕ ಕೊಡ್ಲಿ?" ಎಂದು ಫೋನಿಟ್ಟರಂತೆ. ಕಲ್ಲಿನ ಕೆಳಭಾಗ ಖಾಲಿ ಇತ್ತು. ಯಾಕೆ ಎಂದು ನಾನು ಕೇಳಲಿಲ್ಲ, ನೋಡಿದರೇ ತಿಳಿಯುತ್ತಿತ್ತು. ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಹುಲ್ಲಿನ ಮೇಲೆ ಕೂತು ರೊಟ್ಟಿ ತಿಂದೆವು. ಅವರು ಒಂದು ರೊಟ್ಟಿ ಮುರಿದು, ಉಳ್ಳಾಗಡ್ಡಿಯ ಹೋಳಿನ ಜೊತೆ ಕಲ್ಲಿನ ಮುಂದಿಟ್ಟು, ಮಾಡಿದ್ದು ಸರಿಯೇ ಎಂದು ನನ್ನ ಮುಖ ನೋಡಿದರು. ಸರಿ ಎಂದೆ.

ಅದಾದ ಮೇಲೆ ಅವರಿದ್ದದ್ದು ಒಂದು ಬೇಸಿಗೆ, ಒಂದು ಚಳಿಗಾಲ. ಸುಖವಾಗಿದ್ದರು, ಜಗಳ ಆಡಿಕೊಂಡು, ಮೇಜಿನ ತಳ ತಡವಿಕೊಂಡು. ಆ ಜೌಗುನೆಲದವರಲ್ಲಿ ಒಬ್ಬನಿಗೆ ಪತ್ರ ಬರೆದು ಗೆಳೆತನವನ್ನೂ ಮಾಡಿಕೊಂಡರು. ಅವನು ಬ್ಯಾಂಕಿನವನು, ಒಂದು ಮೊಳೆ ಹೊಡೆಯಲೂ ಬರುವುದಿಲ್ಲವಂತೆ. ಇದನ್ನು ಅವರು ಸಿಕ್ಕವರಿಗೆಲ್ಲ ಸಂತೋಷದಿಂದ ಹೇಳಿದರು. ೨೦೧೯ರ ಫೆಬ್ರವರಿಯಲ್ಲಿ, ಹಿಮ ಬಿದ್ದು ಬಸ್ಸು ರದ್ದಾದ ಒಂದು ಬೆಳಿಗ್ಗೆ, ಗೋಡೆಯಾಚೆ ಸದ್ದಿಲ್ಲದ್ದು ನೋಡಿ ನಾನೇ ಹೋಗಿ ಬಾಗಿಲು ತೆರೆದೆ. ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದರು. ಆಗ ಕಿವಿಯ ಮೇಲೆ ಪೆನ್ಸಿಲ್ ಇತ್ತು.

ಮೇ ತಿಂಗಳಲ್ಲಿ ವ್ಯಾಂಕೂವರಿನ ಅಕ್ಕನ ಮಗಳು ಫೋನು ಮಾಡಿದಳು. ಕಲ್ಲಿನ ಕೆಳಗೆ ಮಾವನ ಹೆಸರು ಕೊರೆಯಲು ಕಲ್ಲುಕುಟಿಗ ಬರುತ್ತಾನೆ, ಕೊರೆಯುವ ಮೊದಲು ಗೆರೆ ನೋಡಿ ಒಪ್ಪಿಗೆ ಕೊಡಬೇಕಾದವರು ನೀವು, ಮಾವ ಹಾಗೆಂದೇ ಹೇಳಿ ಹೋಗಿದ್ದಾನೆ ಎಂದಳು. ಎರಡು ಟ್ರಿಪ್ಪುಗಳ ನಡುವೆ ಹೋದೆ. ಕಲ್ಲುಕುಟಿಗ ಮೊಣಕಾಲೂರಿ ಕೂತು ಪೆನ್ಸಿಲಿನಿಂದ ಅಕ್ಷರ ಎಳೆದು ಮುಗಿಸಿದ್ದ. ಅಜ್ಜಾರ ಹೆಸರು, ಅದೇ ಅಡ್ಡಹೆಸರು, ಕೆಳಗೆ ಬಡಿಗ ಮತ್ತು ಮೇಷ್ಟ್ರು. ಅದರ ಕೆಳಗೆ ಅವರೇ ಬರೆದುಕೊಟ್ಟಿದ್ದ ಒಂದು ಸಣ್ಣ ಸಾಲು, ಇಂಗ್ಲಿಷಿನಲ್ಲಿ: ಇದೇ ಮನೆಯವನು.

ಕಲ್ಲುಕುಟಿಗ ನನ್ನ ಮುಖ ನೋಡಿದ, ನನ್ನ ಬಸ್ಸಿನ ಜಾಕೆಟ್ಟು ನೋಡಿದ. "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದ.

"ಮನಿ ಮಂದಿ," ಎಂದೆ, ಕನ್ನಡದಲ್ಲೇ. ಅವನಿಗೆ ತಿಳಿಯಲಿಲ್ಲ. "ಫ್ಯಾಮಿಲಿ," ಎಂದೆ.

ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ನಾನು ಕೆಳಗೆ ಕೂತು, ಒಂದೊಂದೇ ಅಕ್ಷರದ ಕೆಳಗೆ ಬೆರಳು ಹಿಡಿದು, ಮೊದಲಿಂದ ಕೊನೆಯವರೆಗೆ ಓದಿದೆ. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಎಲ್ಲೂ ತಪ್ಪಿರಲಿಲ್ಲ.

"ಬರೋಬರಿ ಐತಿ," ಎಂದೆ. "ಕೊರೀರಿ."